ಪರದೆಯಲ್ಲಿ ಐದು ಎಕರೆ, ಉತಾರದಲ್ಲಿ ನಾಲ್ಕು ಎಕರೆ ಹನ್ನೊಂದು ಗುಂಟೆ

ಡಿಸೆಂಬರ್ 3

ನರಗುಂದದ ಕಡೆಯ ಎರಿ (ಕಪ್ಪು ಮಣ್ಣಿನ) ಹೊಲಗಳಲ್ಲಿ ಈಗ ಕಡಲೆ ಕಾಯಿ ಕಟ್ಟುತ್ತಿದೆ. ಕಾಯಿಕೊರಕ ಹುಳ ಬಿದ್ದಿದೆ. ಹಾಗಾಗಿ ನನ್ನ ಬೂಮ್ ಸ್ಪ್ರೇಯರ್‌ಗೆ ಹದಿನೈದು ದಿನದಿಂದ ಬಿಡುವಿಲ್ಲ. ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಮಷಿನ್ ಇದು. ಟ್ರ್ಯಾಕ್ಟರ್ ಹಿಂದೆ ಎತ್ತಿ ಕಟ್ಟುವ 400 ಲೀಟರ್ ಟ್ಯಾಂಕ್, 10 ಮೀಟರ್ ಬೂಮ್ ಅಂದರೆ ಅಡ್ಡ ಕೊಳವೆ, ಅದಕ್ಕೆ ಅರ್ಧ ಮೀಟರಿಗೊಂದರಂತೆ 20 ನೀಲಿ ನಾಝಲ್. ಜೊತೆಗೆ ಒಂದು ಕಂಟ್ರೋಲರ್ ಪೆಟ್ಟಿಗೆ. ಎಕರೆಗೆ 80 ಲೀಟರ್ ಅಂತ ಹೇಳಿಟ್ಟರೆ, ಗಾಲಿಯ ಹತ್ತಿರದ ಸೆನ್ಸರ್‌ನಿಂದ ವೇಗ ತಿಳಿದುಕೊಂಡು, ಪ್ರೆಷರ್ ಏರಿಸಿ ಇಳಿಸಿ ಅಷ್ಟೇ ಬೀಳುವಂತೆ ಅದು ನೋಡಿಕೊಳ್ಳುತ್ತದೆ. ಎಷ್ಟು ಜಾಗ ಹೊಡೆದೆವು ಅಂತ ಪರದೆಯ ಮೇಲೆ ಲೆಕ್ಕವೂ ಕೊಡುತ್ತದೆ. ಬಾಡಿಗೆ ಎಕರೆಗೆ 200 ರೂಪಾಯಿ. ಪರದೆ ಹೇಳಿದಷ್ಟು ಎಕರೆಗೆ ದುಡ್ಡು ಇಸಿದುಕೊಳ್ಳುವುದು ನನ್ನ ರೂಢಿ.

ಇವತ್ತು ಓಣಿಯ ಕಾಕಾನ ಹೊಲದಲ್ಲಿ ಎಣ್ಣೆ (ಹುಳದ ಔಷಧಿ) ಹೊಡೆದೆ. ಟ್ಯಾಂಕ್ ತುಂಬಿಸಿ ಐದು ಎಕರೆಯ ಔಷಧಿ ಕಲಸಿದ್ದೆ. ಕೊನೆಯ ಬದುವಿಗೆ ಬರುವಷ್ಟರಲ್ಲಿ ಟ್ಯಾಂಕ್ ಖಾಲಿ. ಪರದೆಯಲ್ಲಿ 2.02 ಹೆಕ್ಟೇರ್, ಅಂದರೆ ಐದು ಎಕರೆ. ಸಾವಿರ ರೂಪಾಯಿ ಕೇಳಿದೆ. ಕಾಕಾ ದುಡ್ಡು ತೆಗೆಯುವ ಮೊದಲು ನಕ್ಕ.

"ನಿನ್ನ ಪರದೆದಾಗ ಐದ ಎಕರೆ ಆಗಿರಬಹುದಪಾ. ನನ್ನ ಉತಾರದಾಗ ನಾಕ ಎಕರೆ ಹನ್ನೊಂದ ಗುಂಟೆ ಐತಿ. ಉಳದದ್ದು ಯಾರ ಹೊಲದಾಗ ಹೊಡದಿ?"

ಉತಾರ ಅಂದರೆ ಹೊಲದ ಪಹಣಿ. ಇಪ್ಪತ್ತೊಂಬತ್ತು ಗುಂಟೆ ಫರಕು. ತಿರುವಿನಲ್ಲಿ ಒಂದರ ಮೇಲೊಂದು ಬೀಳುತ್ತದೆ, ಒಪ್ಪಿದೆ. ಅದರಿಂದ ಮೂರ್ನಾಲ್ಕು ಗುಂಟೆ ಹೆಚ್ಚು ತೋರಬಹುದು. ಇಪ್ಪತ್ತೊಂಬತ್ತು ಹೇಗೆ? ಕಾಕಾನ ಹತ್ತಿರ 850 ಇಸಿದುಕೊಂಡು ಬಂದೆ. ನಾಳೆಯ ಎರಡು ಬಾಡಿಗೆ ಮುಂದೂಡಿದೆ.

ಡಿಸೆಂಬರ್ 4: ತಪ್ಪು ಕಡೆ ಹುಡುಕಿದ ದಿನ

ಎಣ್ಣೆ ಹೆಚ್ಚು ಬೀಳುತ್ತಿದೆ ಅಂದರೆ ನಾಝಲ್ ಸವೆದಿರಬೇಕು ಅಂತ ಶುರು ಮಾಡಿದೆ. ಟ್ಯಾಂಕ್ ಮೂರು ಸಲ ತೊಳೆದು ಬರೀ ನೀರು ತುಂಬಿಸಿದೆ. ಅವ್ವ ಅಡುಗೆಮನೆಯ ಅಳತೆ ಜಗ್ ಮುಟ್ಟಗೊಡಲಿಲ್ಲ, ಅದು ಸರಿಯೇ. ಪೇಟೆಯಿಂದ 110 ರೂಪಾಯಿಗೆ ಎರಡು ಲೀಟರಿನ ಜಗ್ ತಂದೆ. ಗೇಜಿನಲ್ಲಿ 2 ಕೆಜಿ (ಚದರ ಸೆಂ.ಮೀ.ಗೆ) ಪ್ರೆಷರ್ ಇಟ್ಟು ಒಂದೊಂದು ನಾಝಲ್ ಕೆಳಗೂ ಒಂದೊಂದು ನಿಮಿಷ ಹಿಡಿದೆ. ಈ ನೀಲಿ ನಾಝಲ್ 3 ಕೆಜಿಗೆ ನಿಮಿಷಕ್ಕೆ 1.18 ಲೀಟರ್ ಬಿಡುತ್ತದೆ, 2 ಕೆಜಿಗೆ ಸುಮಾರು 0.96 ಬರಬೇಕು. ಹದಿನೆಂಟು ನಾಝಲ್ 0.95ರಿಂದ 1.01ರೊಳಗೆ ಬಂದವು. ಎರಡು ಮಾತ್ರ 1.12. ಹತ್ತು ಪರ್ಸೆಂಟ್ ದಾಟಿದರೆ ನಾಝಲ್ ಎಸೆಯಬೇಕು, ಎಸೆದೆ. ಎರಡು ಹೊಸವು, 180 ರೂಪಾಯಿ.

ಇಪ್ಪತ್ತೂ ಕೂಡಿಸಿದ ಲೆಕ್ಕ ಕಂಟ್ರೋಲರ್ ತೋರಿಸಿದ ಹರಿವಿಗೆ ಹೆಚ್ಚುಕಡಿಮೆ ಸರಿಹೋಯಿತು. ಫ್ಲೋ ಮೀಟರ್ ತಪ್ಪು ಮಾಡುತ್ತಿಲ್ಲ. ನೀರು ಎಷ್ಟು ಹೋಗುತ್ತಿದೆ ಅನ್ನುವುದು ಪೆಟ್ಟಿಗೆಗೆ ಸರಿಯಾಗಿ ಗೊತ್ತಿದೆ. ಹಾಗಾದರೆ ಗೊತ್ತಿಲ್ಲದ್ದು ತಾನು ಎಷ್ಟು ಜೋರಾಗಿ ಓಡುತ್ತಿದ್ದೇನೆ ಅನ್ನುವುದು. ಜಾಗದ ಲೆಕ್ಕವೂ ಅದರ ಮೇಲೆಯೇ ನಿಂತಿದೆಯಲ್ಲ. ಎಕರೆಯೇ ತಪ್ಪಿದಾಗ ನಾಝಲ್ ಹಿಂದೆ ಬಿದ್ದವನು ನಾನು. ನಾಝಲ್ ಎಷ್ಟೇ ಸವೆದರೂ ಎಕರೆ ಬೆಳೆಯುವುದಿಲ್ಲ. ಒಂದು ದಿನ ಹೋಯಿತು.

ಡಿಸೆಂಬರ್ 5: ನೂರು ಮೀಟರ್

50 ಮೀಟರಿನ ಫೈಬರ್ ಟೇಪ್ ತಂದೆ, 480 ರೂಪಾಯಿ. ಇಷ್ಟು ದಿನ ಹೆಜ್ಜೆ ಹಾಕಿ "ನೂರು" ಅನ್ನುತ್ತಿದ್ದೆ. ಇವತ್ತು ಅದೇ ಹೆಜ್ಜೆಯನ್ನು ಟೇಪಿನಲ್ಲಿ ಅಳೆದೆ, 93 ಮೀಟರ್ ಬಂತು. ಇದನ್ನು ತಮ್ಮನಿಗೆ ಹೇಳಿಲ್ಲ.

ನಮ್ಮದೇ ಹೊಲದಲ್ಲಿ, ಬೆಳೆ ಇಲ್ಲದ ಖಾಲಿ ಜಾಗದಲ್ಲಿ, ಎರಡು ಟೇಪ್ ಉದ್ದ ಅಳೆದು ಎರಡು ಗೂಟ ಹೊಡೆದು ಕೆಂಪು ಬಟ್ಟೆ ಕಟ್ಟಿದೆ. ಟ್ಯಾಂಕ್ ಅರ್ಧ ತುಂಬಿಸಿದೆ. ಎಣ್ಣೆ ಹೊಡೆಯುವಾಗಿನ ಅದೇ ಗೇರ್, ಅದೇ ಎಕ್ಸಿಲರೇಟರ್. ಮೊದಲ ಗೂಟಕ್ಕಿಂತ ಹತ್ತು ಮೀಟರ್ ಹಿಂದಿನಿಂದಲೇ ಓಡಿಸಿಕೊಂಡು ಬಂದು, ಮುಂದಿನ ಗಾಲಿಯ ನಡುಭಾಗ ಗೂಟ ದಾಟುವಾಗ ತಮ್ಮ ಮೊಬೈಲಿನಲ್ಲಿ ಟೈಮ್ ಒತ್ತಿದ. ನಿಂತಲ್ಲಿಂದ ಹೊರಟರೆ ಲೆಕ್ಕ ಕೆಡುತ್ತದೆ.

ಪರದೆಯಲ್ಲಿ 6.0 ಕಿ.ಮೀ. ಇತ್ತು. 6ರ ವೇಗದಲ್ಲಿ ನೂರು ಮೀಟರ್ ಸರಿಯಾಗಿ 60 ಸೆಕೆಂಡ್. ಬಂದದ್ದು 68, 69, 68.5. ನೂರು ಮೀಟರಿಗೆ 360ನ್ನು ಸೆಕೆಂಡಿನಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿ.ಮೀ. ಅಂತ ಸಿಗುತ್ತದೆ. 360 ÷ 68.5 ಅಂದರೆ 5.25. ಟ್ರ್ಯಾಕ್ಟರ್ 5.25ರಲ್ಲಿ ಹೋಗುತ್ತಿದೆ, ಪೆಟ್ಟಿಗೆ 6 ಅಂತ ನಂಬಿ ಅಷ್ಟಕ್ಕೆ ಬೇಕಾದ ನೀರು ಬಿಡುತ್ತಿದೆ. ಎಕರೆಗೆ 80ರ ಬದಲು 91 ಲೀಟರ್. ಐದು ಎಕರೆಯ ಟ್ಯಾಂಕ್ ನಾಲ್ಕು ಎಕರೆ ಹದಿನೈದು ಗುಂಟೆಗೆ ಮುಗಿಯುತ್ತದೆ. ಮಿಕ್ಕ ನಾಲ್ಕು ಗುಂಟೆ ತಿರುವಿನ ಪಾಲು. ಕಾಕಾನ ಉತಾರ ಗೆದ್ದಿತು.

ಕಾರಣ ಗೊತ್ತಾಗಲು ಐದು ನಿಮಿಷವೂ ಬೇಕಾಗಲಿಲ್ಲ, ನಾಚಿಕೆಯಾಗಲು ಅಷ್ಟೂ ಬೇಕಾಗಲಿಲ್ಲ. ಸೆನ್ಸರ್ ಇರುವುದು ಹಿಂದಿನ ದೊಡ್ಡ ಗಾಲಿಗೆ. ಗಾಲಿಯ ಎಂಟು ಬೋಲ್ಟುಗಳ ತಲೆ ಮುಂದೆ ಹಾದಾಗಲೆಲ್ಲ ಒಂದೊಂದು ಪಲ್ಸ್, ಅಂದರೆ ಕರೆಂಟಿನ ಒಂದು ಮಿಡಿತ, ಪೆಟ್ಟಿಗೆಗೆ ಹೋಗುತ್ತದೆ. ಒಂದು ಪಲ್ಸಿಗೆ ಟ್ರ್ಯಾಕ್ಟರ್ 52.5 ಸೆಂ.ಮೀ. ಮುಂದೆ ಹೋಗುತ್ತದೆ ಅಂತ ಹಳೆಯ ಮಾಲೀಕ ತುಂಬಿಸಿಟ್ಟಿದ್ದ. ನವೆಂಬರ್ 14ಕ್ಕೆ ಕಡಲೆ ಸಾಲು ತುಳಿಯಬಾರದು ಅಂತ ಅಗಲ ಟಯರ್ ಬಿಚ್ಚಿ ಸಣ್ಣ ಟಯರ್ ಹಾಕಿದವನು ನಾನೇ. ಅಗಲ ಕಡಿಮೆಯಾದದ್ದು ಕಣ್ಣಿಗೆ ಕಂಡಿತ್ತು. ಸುತ್ತಳತೆಯೂ ಕಡಿಮೆಯಾದದ್ದು ತಲೆಗೆ ಹೊಳೆದಿರಲಿಲ್ಲ.

ಡಿಸೆಂಬರ್ 6: ಸುಲಭದ ದಾರಿ

ಟಯರಿಗೆ ಸುಣ್ಣದ ಗೆರೆ ಎಳೆದು ಹತ್ತು ಸುತ್ತು ಓಡಿಸಿದೆ, ತಮ್ಮ ಪಕ್ಕದಲ್ಲಿ ನಡೆಯುತ್ತ ಎಣಿಸಿದ. ಮೊದಲ ಸಲ ಮೊಬೈಲ್ ಬಂದು ಒಂಬತ್ತಕ್ಕೇ ನಿಲ್ಲಿಸಿದ್ದ, ಮತ್ತೆ ಓಡಿಸಿದೆವು. ಹೊಲದಲ್ಲಿ ಅರ್ಧ ಟ್ಯಾಂಕ್ ಇಟ್ಟು ಹತ್ತು ಸುತ್ತಿಗೆ 36.8 ಮೀಟರ್. ಒಂದು ಸುತ್ತಿಗೆ 3.68, ಎಂಟರಿಂದ ಭಾಗಿಸಿದರೆ 46 ಸೆಂ.ಮೀ. ಸ್ಟಾಪ್‌ವಾಚ್ ಲೆಕ್ಕವೂ ಅಲ್ಲಿಗೇ ಬಂತು: 52.5 × 60 ÷ 68.5 = 46. ಎರಡು ಬೇರೆ ದಾರಿಯಲ್ಲಿ ಒಂದೇ ಸಂಖ್ಯೆ ಬಂದರೆ ಖುಷಿಯಾಗುತ್ತದೆ. 46 ತುಂಬಿಸಿದೆ. 6.0 ತೋರಿಸುವಾಗ ನೂರು ಮೀಟರ್ 60 ಸೆಕೆಂಡ್. ಮುಗಿಯಿತು ಅಂದುಕೊಂಡೆ.

ಒಂದು ಮಾತು. ಅದೇ ಹತ್ತು ಸುತ್ತನ್ನು ಡಾಂಬರ್ ರಸ್ತೆಯ ಮೇಲೆ ಓಡಿಸಿದಾಗ 38.2 ಮೀಟರ್ ಬಂದಿತ್ತು. ಬರೆದಿಟ್ಟುಕೊಂಡೆ, ಯೋಚನೆ ಮಾಡಲಿಲ್ಲ.

ಡಿಸೆಂಬರ್ 9

ಮಲಪ್ರಭಾ ಕಾಲುವೆಯ ನೀರು ಹಾಯಿಸಿದ ಹೊಲಕ್ಕೆ ಬಾಡಿಗೆ. ಕೆಳಗೆ ಇನ್ನೂ ಹಸಿ ಇತ್ತು. ಹೊಡೆಯುವ ಮೊದಲು ಬದುವಿನ ಪಕ್ಕದಲ್ಲಿ ನೂರು ಮೀಟರ್ ಅಳೆದು ನೋಡಿದೆ. 6.0ಕ್ಕೆ 62.5 ಸೆಕೆಂಡ್. ಮತ್ತೆ ನಾಲ್ಕು ಪರ್ಸೆಂಟ್ ಫರಕು.

ಆಗ ಡಾಂಬರಿನ 38.2 ನೆನಪಾಯಿತು. ಹಿಂದಿನ ಗಾಲಿ ಟ್ರ್ಯಾಕ್ಟರನ್ನು ತಳ್ಳುವ ಗಾಲಿ. ಮಣ್ಣಿನಲ್ಲಿ ಅದು ಸ್ವಲ್ಪ ಜಾರುತ್ತದೆ, ಜಾರಿದ್ದನ್ನೂ ಸೆನ್ಸರ್ ಓಡಿದ ಲೆಕ್ಕಕ್ಕೆ ಹಾಕುತ್ತದೆ. ಒಣ ಹೊಲದ ಜಾರಿಕೆ ಬೇರೆ, ಹಸಿ ಹೊಲದ್ದು ಬೇರೆ. ಹೊಲಕ್ಕೊಂದು ಸಂಖ್ಯೆ ತುಂಬಿಸುತ್ತ ಕೂರಲು ಆಗುವುದಿಲ್ಲ. ನಮ್ಮದು ಟೂ ವೀಲ್ ಡ್ರೈವ್, ಮುಂದಿನ ಗಾಲಿ ಸುಮ್ಮನೆ ಉರುಳುತ್ತದೆ. ಸೆನ್ಸರ್ ಅಲ್ಲಿಗೆ ಹೋಗಬೇಕು.

"ಜಿಪಿಎಸ್ ಹಾಕ್ಸಣ್ಣಾ, ಗಾಲಿ ಗೋಜೇ ಬ್ಯಾಡ" ಅಂದ ತಮ್ಮ. ದುಡ್ಡು ಅವನು ಕೊಡುವುದಿಲ್ಲವಲ್ಲ. ಅವನ ಮೊಬೈಲಿನ ಜಿಪಿಎಸ್ ಮಾತ್ರ ಪುಕ್ಕಟೆ ಉಪಯೋಗಕ್ಕೆ ಬಂತು. ಕಾಕಾನ ಹೊಲದ ಸುತ್ತ ಹಿಡಿದು ನಡೆದಾಗ ನಾಲ್ಕು ಎಕರೆ ಹದಿಮೂರು ಗುಂಟೆ ತೋರಿಸಿತು.

ಡಿಸೆಂಬರ್ 11: ಆರು ಬೋಲ್ಟ್, ಮೊದಲ ಸೆನ್ಸರ್

ಒಂದೇ ಬೋಲ್ಟ್ ಇಟ್ಟರೂ ಲೆಕ್ಕ ಬರುತ್ತದೆ. ಆದರೆ ಮುಂದಿನ ಗಾಲಿ ಒಂದು ಸುತ್ತಿಗೆ 2.4 ಮೀಟರ್ ಹೋಗುತ್ತದೆ, 5 ಕಿ.ಮೀ. ವೇಗದಲ್ಲಿ ಒಂದು ಸುತ್ತಿಗೆ 1.7 ಸೆಕೆಂಡ್ ಹಿಡಿಯುತ್ತದೆ. ಅಷ್ಟು ಹೊತ್ತಿಗೊಮ್ಮೆ ಸುದ್ದಿ ಬಂದರೆ ಪೆಟ್ಟಿಗೆ ತಡವರಿಸುತ್ತದೆ. ಆರು ಇಟ್ಟರೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಪಲ್ಸ್.

ಗಾಲಿಯ ಒಳಮೈಗೆ ಆರು ಬೋಲ್ಟ್ ತಲೆ ವೆಲ್ಡ್ ಮಾಡಿಸುವುದು ಅಂತ ಮಾಡಿದೆ. ವೆಲ್ಡಿಂಗ್‌ನವನು "ಗಾಳಿ ಬಿಟ್ಟ ತಗೊಂಬಾ, ಸಾಕು" ಅಂದ. ಇದನ್ನು ಮಾತ್ರ ಯಾರೂ ಕೇಳಬೇಡಿ. ಟಯರ್ ಕೂತಿರುವ ರಿಮ್ಮಿಗೆ ಬೆಂಕಿ ತಾಗಿಸಿದರೆ ಒಳಗಿನ ರಬ್ಬರ್ ಕಾದು ಅನಿಲ ಬಿಡುತ್ತದೆ, ಟಯರ್ ಸಿಡಿದು ಪ್ರಾಣ ಹೋಗುತ್ತದೆ. ಗಾಳಿ ಬಿಟ್ಟರೂ ಅಷ್ಟೇ. ಪಂಕ್ಚರ್ ಅಂಗಡಿಯಲ್ಲಿ ಟಯರ್, ಟ್ಯೂಬ್ ಪೂರ್ತಿ ಬಿಚ್ಚಿಸಿ ಬರೀ ರಿಮ್ ಒಯ್ದೆ. ಬಿಚ್ಚಿ ಹಾಕಲು 200 ರೂಪಾಯಿ.

ಆರು ಜಾಗ ಗುರುತು ಮಾಡಲು ಮಗಳ ಕಂಪಾಸ್ ಪೆಟ್ಟಿಗೆಯ ಕೈವಾರ ಸಾಲಲಿಲ್ಲ. ಎರಡು ಮೊಳೆ, ಒಂದು ಪಟ್ಟಿಯಿಂದ ದೊಡ್ಡ ಕೈವಾರ ಮಾಡಿಕೊಂಡೆ. 120 ಮಿ.ಮೀ.ಗೆ ವೃತ್ತ ಎಳೆದು, ಅದೇ 120ನ್ನು ವೃತ್ತದ ಮೇಲೆ ಹೆಜ್ಜೆ ಹಾಕಿಸುತ್ತ ಹೋದರೆ ಆರನೆಯದು ಸರಿಯಾಗಿ ಮೊದಲನೆಯದಕ್ಕೆ ಬಂದು ಕೂರುತ್ತದೆ. ಡಿಗ್ರಿ ಅಳೆಯುವ ಕೆಲಸವೇ ಇಲ್ಲ. 12 ಮಿ.ಮೀ. ಬೋಲ್ಟಿನ ತಲೆಗಳನ್ನು ಕತ್ತರಿಸಿ ವೆಲ್ಡ್ ಮಾಡಿಸಿದೆ. 250 ರೂಪಾಯಿ. ಆರನೆಯ ತಲೆ ಇಡುವಾಗ ಕರೆಂಟ್ ಹೋಯಿತು, ಕರೆಂಟ್ ಬಂದ ಮೇಲೆ ಅವಸರದಲ್ಲಿ ಹಿಡಿದು ಬಿಟ್ಟ. ಈ ಆರನೆಯದು ಮುಂದೆ ಬರುತ್ತದೆ.

ಹಳೆಯ ಸೆನ್ಸರ್‌ನ ಮೂತಿ ಕಲ್ಲು ತಾಗಿ ಸವೆದಿತ್ತು, ವಾಯರೂ ಸಾಲದು. ಹುಬ್ಬಳ್ಳಿಗೆ ಹೋಗಿ 18 ಮಿ.ಮೀ. ದಪ್ಪದ, 8 ಮಿ.ಮೀ. ದೂರದ ಕಬ್ಬಿಣ ಗುರುತಿಸುವ ಪ್ರಾಕ್ಸಿಮಿಟಿ ಸೆನ್ಸರ್ ತಂದೆ. 520 ರೂಪಾಯಿ. ಕಂದು ವಾಯರ್ ಬ್ಯಾಟರಿ ಪ್ಲಸ್, ನೀಲಿ ಮೈನಸ್, ಕಪ್ಪು ಸಿಗ್ನಲ್. ಜೋಡಿಸಿ ಮೂತಿಗೆ ಸ್ಪ್ಯಾನರ್ ತೋರಿಸಿದರೆ ಹಿಂದಿನ ಎಲ್‌ಇಡಿ ಮಿನುಗುತ್ತದೆ, ಪರದೆಯಲ್ಲಿ ಮಾತ್ರ 0.0. ವಾಯರ್ ಎರಡು ಸಲ ಬಿಚ್ಚಿ ಕಟ್ಟಿದೆ. ಕೊನೆಗೆ ಸೆನ್ಸರ್ ಮೈಮೇಲಿನ ಅಕ್ಷರ ಓದಿದೆ. ಪಿಎನ್‌ಪಿ. ನನ್ನ ಪೆಟ್ಟಿಗೆಗೆ ಬೇಕಾದದ್ದು ಎನ್‌ಪಿಎನ್. ಒಂದು ಕಬ್ಬಿಣ ಕಂಡಾಗ ಕಪ್ಪು ವಾಯರಿಗೆ ಪ್ಲಸ್ ಕೊಡುತ್ತದೆ, ಇನ್ನೊಂದು ಮೈನಸ್ಸಿಗೆ ಎಳೆಯುತ್ತದೆ. ನೋಡಲು ಎರಡೂ ಒಂದೇ. ಹಳೆಯ ಸೆನ್ಸರ್ ಜೇಬಿನಲ್ಲೇ ಇತ್ತು, ಅದರ ಮೇಲೆ ಬರೆದದ್ದನ್ನು ಅಂಗಡಿಯವನಿಗೆ ತೋರಿಸಿದ್ದರೆ ಸಾಕಿತ್ತು. ವಾಯರ್ ಕತ್ತರಿಸಿದ್ದರಿಂದ ಅವನು ವಾಪಸ್ ತೆಗೆದುಕೊಳ್ಳಲಿಲ್ಲ.

ಡಿಸೆಂಬರ್ 12: ಎರಡನೆಯ ಸೆನ್ಸರ್, ಒಂದೂವರೆ ನಿಮಿಷ

ಎನ್‌ಪಿಎನ್ ಬಂತು. ಮತ್ತೆ 520. ಆಂಗಲ್ ಪಟ್ಟಿಯಿಂದ ಬ್ರಾಕೆಟ್ ಮಾಡಿ ಮುಂದಿನ ಆಕ್ಸಲ್ ಬೀಮಿಗೆ ಗಟ್ಟಿಯಾಗಿ ಕಟ್ಟಿದೆ. ಗಾಲಿ ನೇರ ಇಟ್ಟುಕೊಂಡು 4 ಮಿ.ಮೀ. ಸಂದು ಬಿಟ್ಟೆ. ಪರದೆಯಲ್ಲಿ ವೇಗ ಬಂತು. ಶೆಡ್ಡಿನಿಂದ ಹೊರಗೆ ತೆಗೆದು ಎಡಕ್ಕೆ ತಿರುಗಿಸಿದೆ. ಟಕ್ ಅಂತ ಒಂದು ಸದ್ದು.

ಬೀಮ್ ಎಲ್ಲಿಯೂ ತಿರುಗುವುದಿಲ್ಲ, ಗಾಲಿ ತಿರುಗುತ್ತದೆ. ಸ್ಟೇರಿಂಗ್ ಹೊರಳಿಸಿದ ಕೂಡಲೇ ಗಾಲಿಯ ಒಂದು ಬದಿ ಬಂದು ಸೆನ್ಸರ್ ಮೂತಿಯನ್ನು ಜಜ್ಜಿತ್ತು. ಎಂಟನೆಯ ಇಯತ್ತೆಯ ಹುಡುಗನಿಗೂ ಹೊಳೆಯುವ ವಿಷಯ. ನಾನು ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರ್ ಓಡಿಸುತ್ತಿದ್ದೇನೆ.

ಡಿಸೆಂಬರ್ 14: ಮೂರನೆಯದು

ಬ್ರಾಕೆಟ್ ಈಗ ಗಾಲಿಯ ಜೊತೆಗೇ ತಿರುಗುವ ಸ್ಟಬ್ ಆಕ್ಸಲ್ಲಿಗೆ, ಸ್ಟೇರಿಂಗ್ ಆರ್ಮ್ ಕೂರುವ ಕಡೆ, ಎರಡು ಬೋಲ್ಟಿನಲ್ಲಿ. ಈ ಸಲ ಸೆನ್ಸರ್ ಹಾಕುವ ಮೊದಲು ಅದರ ಜಾಗದಲ್ಲಿ ಒಂದು ಗಟ್ಟಿ ಮರದ ಗೂಟ ಸಿಗಿಸಿ ಎರಡೂ ಕಡೆ ಪೂರ್ತಿ ಹೊರಳಿಸಿ ನೋಡಿದೆ. ಎಲ್ಲೂ ತಾಗಲಿಲ್ಲ. ವಾಯರ್ ಐದು ಮೀಟರ್, ಸೈಲೆನ್ಸರ್‌ನಿಂದ ದೂರ, ತಿರುಗುವ ಜಾಗದಲ್ಲಿ ಒಂದು ಗೇಣು ಸಡಿಲ ಬಿಟ್ಟು ಕಟ್ಟಿದೆ.

ಗಾಳಿ ನೋಡಿದರೆ ಎಡಗಾಲಿಯಲ್ಲಿ 22 ಪೌಂಡ್ ಇತ್ತು. 30ಕ್ಕೆ ತುಂಬಿಸಿದೆ. ಹತ್ತು ಸುತ್ತಿಗೆ 23.8 ಇದ್ದದ್ದು 24.1 ಮೀಟರ್ ಆಯಿತು. ಒಂದು ಪರ್ಸೆಂಟಿಗೂ ಹೆಚ್ಚು, ಬರೀ ಗಾಳಿಯಿಂದ.

ಅರ್ಧ ಟ್ಯಾಂಕ್ ನೀರು, ಅದೇ ಎರಡು ಗೂಟ. ಕಂಟ್ರೋಲರ್‌ನಲ್ಲಿ ಗಾಲಿ ಅಳೆಯುವ ಮೆನು ಇದೆ. ಮೊದಲ ಗೂಟದಲ್ಲಿ ಒತ್ತಿ, ಕೊನೆಯದರಲ್ಲಿ ಒತ್ತಿದರೆ ಎಷ್ಟು ಪಲ್ಸ್ ಬಂತು ಅಂತ ಹೇಳುತ್ತದೆ. 207, 208, 207. ಪಲ್ಸಿಗೆ 48.2 ಸೆಂ.ಮೀ. ಮೂರು ಸಲವೂ ಒಂದೇ ಥರ ಬಂದಿದೆ, ಇನ್ನೇನು ಬೇಕು? ತುಂಬಿಸಿದೆ. ಸ್ಟಾಪ್‌ವಾಚೂ 60 ಸೆಕೆಂಡ್ ಅಂದಿತು. ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮೇಲಿನ ಎರಡು ಪ್ಯಾರಾದಲ್ಲೇ ತಪ್ಪು ಕೂತಿದೆ. ಲೆಕ್ಕ ಮಾಡಿದವರಿಗೆ ಕಂಡಿರುತ್ತದೆ.

ಡಿಸೆಂಬರ್ 16: ಮುಳ್ಳು 3ಕ್ಕೆ ಹೋಯಿತು

ನಿನ್ನೆ ಒಂಬತ್ತು ಎಕರೆ ಸರಿಯಾಗಿ ಹೊಡೆದೆ. ಇವತ್ತು ಮೂರನೆಯ ಪಾಳಿಯಲ್ಲಿ (ಹೊಲದ ಉದ್ದಕ್ಕೆ ಒಂದು ಸಲ ಹೋದರೆ ಒಂದು ಪಾಳಿ) ಗೇಜಿನ ಮುಳ್ಳು 2ರಿಂದ 3 ಕೆಜಿಗೆ ಹಾರಿತು. ನಾಝಲ್ ಸದ್ದೇ ಬದಲಾಯಿತು, ಹನಿ ಹೋಗಿ ಮಂಜಿನಂತಾಗಿ ಗಾಳಿಗೆ ಪಕ್ಕದ ಹೊಲದ ಕಡೆ ಎದ್ದಿತು. ಗೇರ್ ಅದೇ, ಎಕ್ಸಿಲರೇಟರ್ ಅದೇ, ಪರದೆಯಲ್ಲಿ 7.2. ಹತ್ತು ಹೆಜ್ಜೆ ಮುಂದೆ ಹೋದರೆ ಮತ್ತೆ 6.0, ಮತ್ತೆ 2 ಕೆಜಿ. ಮತ್ತೆ 7.2. ಮಷಿನ್ ಬಂದ್ ಮಾಡಿ ಬದುವಿನ ಮೇಲೆ ಕೂತೆ.

7.2ನ್ನು 6ರಿಂದ ಭಾಗಿಸಿದರೆ 1.2. ಆರನ್ನು ಐದರಿಂದ ಭಾಗಿಸಿದರೂ 1.2. ಅಲ್ಲಿಯೇ ಚೀಟಿ ತೆಗೆದು ನೋಡಿದೆ. ಒಂದು ಸುತ್ತು 2.41 ಮೀಟರ್, ಆರು ಬೋಲ್ಟ್, ಅಂದರೆ ಪಲ್ಸಿಗೆ 40.2 ಬರಬೇಕು. ನೂರು ಮೀಟರಿಗೆ 249 ಪಲ್ಸ್. ನನಗೆ ಬಂದದ್ದು 207. ಆರರಲ್ಲಿ ಐದೇ ಬೋಲ್ಟ್ ಎಣಿಸುತ್ತಿತ್ತು. ಐದನ್ನೇ ಎಣಿಸಿ ಕ್ಯಾಲಿಬ್ರೇಶನ್ ಮಾಡಿದ್ದರಿಂದ ಸಂಖ್ಯೆ ಕೆಲಸ ಮಾಡಿತು, ಸ್ಟಾಪ್‌ವಾಚ್ ಕೂಡ ಹೌದು ಅಂದಿತು. ಇವತ್ತು ಆರನೆಯದೂ ಕಾಣಿಸತೊಡಗಿದ ಕೂಡಲೇ ಎಲ್ಲ 20 ಪರ್ಸೆಂಟ್ ಮೇಲೆ ಹೋಯಿತು.

ಡಿಸೆಂಬರ್ 6ರಂದು ಎರಡು ದಾರಿಯ ಲೆಕ್ಕ ಕೂಡಿಬಂದಾಗ ಖುಷಿಪಟ್ಟವನು, 14ರಂದು ಎರಡು ಲೆಕ್ಕವೂ ಒಂದೇ ಚೀಟಿಯಲ್ಲಿದ್ದರೂ ಪಕ್ಕಪಕ್ಕ ಇಟ್ಟು ನೋಡಲಿಲ್ಲ. ಈ ಇಡೀ ಕೆಲಸದಲ್ಲಿ ನನ್ನ ದೊಡ್ಡ ತಪ್ಪು ಇದೇ. ಒಡೆದ ಸೆನ್ಸರ್ ನನ್ನ ಜೇಬಿಗೆ ಹೊಡೆತ, ಇದು ಬೇರೆಯವರ ಬೆಳೆಗೆ.

ಡಿಸೆಂಬರ್ 17: ಜಾಕ್ ಹಾಕಿ ಎಣಿಸಿದ್ದು

ಮುಂದಿನ ಗಾಲಿ ಜಾಕ್ ಹಾಕಿ ಎತ್ತಿ, ಕೈಯಲ್ಲಿ ಮೆಲ್ಲಗೆ ತಿರುಗಿಸುತ್ತ ಸೆನ್ಸರ್ ಹಿಂದಿನ ಎಲ್‌ಇಡಿ ನೋಡಿದೆ. ಹಗಲಿನಲ್ಲಿ ಕಾಣುವುದಿಲ್ಲ, ತಲೆಯ ಮೇಲೆ ಗೋಣಿಚೀಲ ಹೊದ್ದು ನೋಡಬೇಕು. ಒಂದು, ಎರಡು, ಮೂರು, ನಾಲ್ಕು, ಐದು. ಆಮೇಲೆ ಕತ್ತಲೆ. ಮತ್ತೆ ಒಂದು.

ಕರೆಂಟ್ ಹೋದಾಗ ಇಟ್ಟಿದ್ದ ಆರನೆಯ ತಲೆ ಓರೆಯಾಗಿ, ಉಳಿದವಕ್ಕಿಂತ 3 ಮಿ.ಮೀ. ತಗ್ಗಿನಲ್ಲಿ ಕೂತಿತ್ತು. ಉಳಿದವಕ್ಕೆ ಸಂದು 4, ಇದಕ್ಕೆ 7. ಸೆನ್ಸರ್ ಮೇಲೆ 8 ಅಂತ ಬರೆದಿದ್ದರೂ 6ರ ಆಚೆಗೆ ಅದನ್ನು ನಂಬುವಂತಿಲ್ಲ. ಹಾಗಾದರೆ ನಿನ್ನೆ ಏಕೆ ಕಾಣಿಸಿತು? ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಾಡಿಸಿದಾಗ ಗೊತ್ತಾಯಿತು. ಹಬ್ ಬೇರಿಂಗ್ ಸಡಿಲ. ಗಾಲಿ ಒಳಗೆ ಹೊರಗೆ 2 ಮಿ.ಮೀ. ಆಡುತ್ತಿತ್ತು. ಒಳಕ್ಕೆ ವಾಲಿದಾಗ ಆರು, ಹೊರಕ್ಕೆ ವಾಲಿದಾಗ ಐದು.

ಮತ್ತೆ ಟಯರ್ ಬಿಚ್ಚಿಸುವ ಮನಸ್ಸಿರಲಿಲ್ಲ, ಟಯರ್ ಇಟ್ಟುಕೊಂಡು ವೆಲ್ಡ್ ಮಾಡಿಸುವ ಮಾತೇ ಇಲ್ಲ. ಆರನೆಯದನ್ನು ಏರಿಸಲಾಗದಿದ್ದರೆ ಉಳಿದ ಐದನ್ನು ಇಳಿಸಬಹುದಲ್ಲ. ಗ್ರೈಂಡರ್ ಕಿಡಿಯೂ ರಬ್ಬರಿಗೆ ಬೇಡ ಅಂತ ಅರದಿಂದ ಉಜ್ಜತೊಡಗಿದೆ. ಒಂದೊಂದಕ್ಕೆ ಇಪ್ಪತ್ತು ನಿಮಿಷ, ಅಂಗೈಯಲ್ಲಿ ಬೊಬ್ಬೆ. ಆರನೆಯದರ ಓರೆಯನ್ನೂ ಮಟ್ಟ ಮಾಡಿದೆ. ಬೇರಿಂಗಿಗೆ ಹೊಸ ಗ್ರೀಸ್ ತುಂಬಿ, ನಟ್ ಬಿಗಿದು, ಹೊಸ ಸ್ಪ್ಲಿಟ್ ಪಿನ್ ಹಾಕಿದೆ. 80 ರೂಪಾಯಿ. ಸೆನ್ಸರ್ ಮುಂದಕ್ಕೆ ತಂದು ಸಂದು ಇಡುವಾಗ 4 ಮಿ.ಮೀ. ಅಲನ್ ಕೀಯನ್ನೇ ಅಳತೆಗೋಲು ಮಾಡಿಕೊಂಡೆ. ಆರೂ ತಲೆಗಳ ಮುಂದೆ ಕೀ ಬಿಗಿಯಾಗಿ ಹಾದುಹೋಗಬೇಕು.

ಹತ್ತು ಸುತ್ತು ತಿರುಗಿಸಿ ಎಣಿಸಿದೆ. ಅರವತ್ತು ಮಿನುಗು.

ಹೊಲಕ್ಕೆ ಹೋಗಿ ನೂರು ಮೀಟರ್: 248, 249, 249. ಪಲ್ಸಿಗೆ 40.2. ಟೇಪಿನ ಲೆಕ್ಕವೂ 40.2. ಕುತೂಹಲಕ್ಕೆ ಟ್ಯಾಂಕ್ ತುಂಬಿಸಿ ಓಡಿಸಿದೆ, 247. ಖಾಲಿ ಮಾಡಿ ಓಡಿಸಿದೆ, 251. ಹಿಂದೆ ನಾನೂರು ಲೀಟರ್ ತೂಗಿದಾಗ ಮುಂದಿನ ಗಾಲಿ ಹಗುರಾಗಿ ಟಯರ್ ಉಬ್ಬುತ್ತದೆ, ಖಾಲಿಯಾದಾಗ ತಗ್ಗುತ್ತದೆ. ಅರ್ಧ ಟ್ಯಾಂಕಿನಲ್ಲಿ ಮಾಡಿದರೆ ಎರಡೂ ಕಡೆ ಒಂದು ಪರ್ಸೆಂಟಿನೊಳಗೆ ಉಳಿಯುತ್ತದೆ.

ಡಿಸೆಂಬರ್ 18: ಒಂದು ಎಕರೆ ಬರೀ ನೀರು

ಈ ಸಲ ಪರದೆಯನ್ನೂ ನಂಬಲಿಲ್ಲ, ಸ್ಟಾಪ್‌ವಾಚನ್ನೂ ನಂಬಲಿಲ್ಲ. ಹತ್ತು ಮೀಟರ್ ಬೂಮ್, 101 ಮೀಟರಿನ ನಾಲ್ಕು ಪಾಳಿ ಅಂದರೆ ಒಂದು ಎಕರೆ. ಟ್ರ್ಯಾಕ್ಟರನ್ನು ಮನೆಯ ಮುಂದಿನ ಸಿಮೆಂಟ್ ಕಟ್ಟೆಯ ಮೇಲೆ ನಿಲ್ಲಿಸಿ ಟ್ಯಾಂಕಿನ ನೀರಿನ ಮಟ್ಟಕ್ಕೆ ಗೆರೆ ಹಾಕಿದೆ. ಹೊಲಕ್ಕೆ ಹೋಗಿ ನಾಲ್ಕು ಪಾಳಿ ಹೊಡೆದು, ತಿರುವಿನಲ್ಲಿ ಬಂದ್ ಮಾಡಿ, ವಾಪಸ್ ಅದೇ ಕಟ್ಟೆಗೆ ಬಂದು ಗೆರೆ ಮುಟ್ಟುವವರೆಗೆ ಜಗ್‌ನಿಂದ ಅಳೆದು ಹುಯ್ದೆ. 81.5 ಲೀಟರ್. ಪರದೆಯ ಎಕರೆ ಲೆಕ್ಕ 0.40 ಹೆಕ್ಟೇರ್. ಹಸಿ ಹೊಲದ ಬದುವಿನಲ್ಲೂ ನೂರು ಮೀಟರ್ ಓಡಿಸಿದೆ, 6.0ಕ್ಕೆ 60.5 ಸೆಕೆಂಡ್.

ಪೆಟ್ಟಿಗೆಯ ಮುಚ್ಚಳದ ಒಳಗೆ ಪೇಂಟ್ ಪೆನ್ನಿನಲ್ಲಿ ಬರೆದೆ: 40.2, ಬೋಲ್ಟ್ 6, ಗಾಳಿ 30 ಪೌಂಡ್, ಅರ್ಧ ಟ್ಯಾಂಕ್, ಸಂದು 4 ಮಿ.ಮೀ., ತಾರೀಖು. ಹಳೆಯ ಮಾಲೀಕ ಇಷ್ಟು ಬರೆದಿಟ್ಟಿದ್ದರೆ ಟಯರ್ ಬದಲಿಸಿದ ದಿನವೇ ನನಗೆ ಹೊಳೆಯುತ್ತಿತ್ತೋ ಏನೋ.

ಖರ್ಚು. ನಾಝಲ್ 180, ಜಗ್ 110, ಟೇಪ್ 480, ಸೆನ್ಸರ್ ಮೂರಕ್ಕೆ 1,560, ವಾಯರ್ 150, ಟಯರ್ ಬಿಚ್ಚಿ ಹಾಕಿದ್ದು 200, ವೆಲ್ಡಿಂಗ್ 250, ಬ್ರಾಕೆಟ್ 150, ಗ್ರೀಸ್ ಮತ್ತು ಪಿನ್ 80. ಒಟ್ಟು 3,160. ಇದರಲ್ಲಿ 1,040 ನನ್ನ ಅವಸರದ್ದು.

ಇನ್ನೊಂದು ಲೆಕ್ಕ ಬಾಕಿ ಇತ್ತು. ನವೆಂಬರ್ 14ರಿಂದ ಡಿಸೆಂಬರ್ 3ರವರೆಗೆ ಪರದೆ ತೋರಿಸಿ ಬಾಡಿಗೆ ಇಸಿದುಕೊಂಡದ್ದು 63 ಎಕರೆ. ಸರಿಯಾದ ಲೆಕ್ಕಕ್ಕೆ 55 ಎಕರೆಯ ಆಸುಪಾಸು. ಸುಮಾರು ಎಂಟು ಎಕರೆಯ ದುಡ್ಡು, 1,600 ರೂಪಾಯಿ, ಒಂಬತ್ತು ಮನೆಯವರದು ನನ್ನ ಹತ್ತಿರ ಇದೆ. ಮುಂದಿನ ಸಲದ ಬಾಡಿಗೆಯಲ್ಲಿ ಕಳೆಯುತ್ತೇನೆ ಅಂತ ಎಲ್ಲರಿಗೂ ಹೇಳಿ ಬಂದೆ. ಕಾಕಾನಿಗೆ ಮಾತ್ರ 850ರ ಲೆಕ್ಕ ಚುಕ್ತಾ. ಆದರೂ ಅವನು ಉತಾರದ ಝೆರಾಕ್ಸ್ ಒಂದನ್ನು ನನ್ನ ಕೈಗೆ ಕೊಟ್ಟ, "ಟ್ರ್ಯಾಕ್ಟರದಾಗ ಇಟಗೋ, ಮತ್ತ ಬೇಕಾಗತೈತಿ" ಅಂತ.

ಪಿಎನ್‌ಪಿ ಸೆನ್ಸರ್ ಇನ್ನೂ ಡಬ್ಬಿಯಲ್ಲೇ ಇದೆ. ಯಾರ ಪೆಟ್ಟಿಗೆಗಾದರೂ ಹೊಂದುವುದಿದ್ದರೆ 300ಕ್ಕೆ ಕೊಡುತ್ತೇನೆ, ವಾಯರ್ ಮಾತ್ರ ಒಂದು ಮೊಳ ಗಿಡ್ಡ.